ಆ ರಾತ್ರಿ ಲಿಲಿ ಯಾಕೆ ಮರಳಿ ಬಂದಳು?

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ 'ಕಿಸ್ ಮಿ ಕೇಟ್' ಎಂಬ ಅಮೆರಿಕದ ನಾಟಕಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಗಂಡ ಬಜಾರಿ ಹೆಂಡತಿಯನ್ನು ಪಳಗಿಸುವ ಕಥೆ 'ಬಹದ್ದೂರ್ ಗಂಡ'ದಲ್ಲೂ ಆಯಿತು, 'ನಂಜುಂಡಿ ಕಲ್ಯಾಣ'ದಲ್ಲೂ ಆಯಿತು. ಮತ್ತೆ ಅದೇ ಯಾಕೆ? ನಮ್ಮ ದೊಡ್ಡಮ್ಮ ಕಂಪನಿ ನಾಟಕದಲ್ಲಿ ಪಾರ್ಟು ಮಾಡಿದವರು. ದೊಡ್ಡಪ್ಪನ ಜತೆ ಮಾತು ಬಿಟ್ಟ ದಿನವೂ ರಾತ್ರಿ ಅವರೆದುರಿಗೇ ನಿಂತು ಪಾತ್ರ ಮಾಡುತ್ತಿದ್ದರಂತೆ. ಅವರನ್ನು ಯಾರೂ ಪಳಗಿಸಲಿಲ್ಲ. ಅಂದಹಾಗೆ, ನಾಟಕದ ವರ್ಷ ತಪ್ಪು ಹಾಕಿದ್ದೀರಿ."

ನಮಸ್ಕಾರ ತಾಯಿ. ವರ್ಷದ ವಿಷಯದಲ್ಲಿ ನೀವು ಹೇಳಿದ್ದೇ ಸರಿ, ಕ್ಷಮೆ ಇರಲಿ. ನಾವು ಅಚ್ಚು ಹಾಕಿದ 1953 ಸಿನಿಮಾದ ವರ್ಷ. ನಾಟಕ ನ್ಯೂಯಾರ್ಕ್‌ನಲ್ಲಿ ರಂಗಕ್ಕೆ ಬಂದದ್ದು 1948ರ ಡಿಸೆಂಬರ್ 30ರಂದು. ಹಾಡು, ಸಂಗೀತ ಎರಡೂ ಕೋಲ್ ಪೋರ್ಟರ್ ಅವರದು. 1,077 ಪ್ರಯೋಗ ಕಂಡಿತು.

ಸರಕು ಒಂದೇ ಎಂದಿರಿ. ಮೂಲ ಒಂದೇ, ನಿಜ. ಪರ್ವತವಾಣಿಯವರು 'ಬಹದ್ದೂರ್ ಗಂಡ'ಕ್ಕೆ ಆಧಾರ ಮಾಡಿಕೊಂಡದ್ದು ಶೇಕ್ಸ್‌ಪಿಯರನ 'ದ ಟೇಮಿಂಗ್ ಆಫ್ ದ ಶ್ರೂ'. ಪರ್ವತವಾಣಿಯವರ ನಾಟಕದಿಂದಲೇ 1989ರಲ್ಲಿ 'ನಂಜುಂಡಿ ಕಲ್ಯಾಣ' ಸಿನಿಮಾ ಆಯಿತು. ಆದರೆ 'ಕಿಸ್ ಮಿ ಕೇಟ್' ಆ ಕಥೆಯನ್ನು ಹೇಳುವುದಿಲ್ಲ, ಆ ಕಥೆಯನ್ನು ಆಡುವ ಜೋಡಿಯನ್ನು ತೋರಿಸುತ್ತದೆ. ನಾಲ್ಕು ಪುಟ ಕೊಟ್ಟದ್ದು ಅದಕ್ಕೆ.

ಫ್ರೆಡ್ ಮತ್ತು ಲಿಲಿ ಬಣ್ಣ ಹಚ್ಚುವ ಜೋಡಿ. ವಿಚ್ಛೇದನವಾಗಿ ಒಂದು ವರ್ಷ. ಈಗ ಅದೇ ಫ್ರೆಡ್ ಕಟ್ಟಿದ ನಾಟಕದಲ್ಲಿ ಇಬ್ಬರೂ ಗಂಡ ಹೆಂಡಿರ ಪಾತ್ರಕ್ಕೆ ನಿಂತಿದ್ದಾರೆ. ಆಟ ಶುರುವಾಗುವ ಮೊದಲು ಲಿಲಿಯ ಕೋಣೆಗೆ ಒಂದು ಹೂಗುಚ್ಛ ಬರುತ್ತದೆ. ಮದುವೆಯ ದಿನ ಅವಳು ಹಿಡಿದಿದ್ದಂಥದ್ದೇ ಹೂಗಳು. ಅವಳು ಕರಗಿಹೋಗುತ್ತಾಳೆ, ಜತೆಗಿದ್ದ ಚೀಟಿಯನ್ನು ಓದದೆಯೇ ಎದೆಗೆ ಸಿಕ್ಕಿಸಿಕೊಂಡು ರಂಗಕ್ಕೆ ಹೋಗುತ್ತಾಳೆ. ಫ್ರೆಡ್ ಹೂವು ಕಳಿಸಿದ್ದು ಕಂಪನಿಯ ಇನ್ನೊಬ್ಬ ಹುಡುಗಿಗೆ. ನಡುರಂಗದಲ್ಲಿ ಚೀಟಿ ಓದಿದಾಗ ಅದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಬಜಾರಿ ಕೇಟಳ ಕೋಪವೆಲ್ಲ ಲಿಲಿಯದೇ ಕೋಪ, ಬೀಳುವ ಏಟುಗಳೂ ನಿಜ. ಸಭೆ ಅದನ್ನೆಲ್ಲ ಅಭಿನಯವೆಂದೇ ನೋಡುತ್ತದೆ.

ಇದಕ್ಕೆ ಪ್ರತಿಯಾಗಿ ಫ್ರೆಡ್ ಅವಳನ್ನು ಎಲ್ಲರೆದುರು ಮೊಣಕಾಲ ಮೇಲೆ ಹಾಕಿಕೊಂಡು ಬಾರಿಸುತ್ತಾನೆ. ಆ ದೃಶ್ಯಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಅಂದಿನ ಸಭೆ ನಕ್ಕಿತು ಎಂಬುದು ಸಮಜಾಯಿಷಿ ಆಗಲಾರದು. ನಿಮ್ಮ ಸಿಟ್ಟು ಅಲ್ಲಿಗೆ ಸಲ್ಲುತ್ತದೆ.

ಆದರೆ ಈ ನಾಟಕ ಹುಟ್ಟಿದ ಬಗೆ ನೋಡಿ. 1935ರಲ್ಲಿ ಆಲ್ಫ್ರೆಡ್ ಲಂಟ್ ಮತ್ತು ಲಿನ್ ಫಾಂಟೇನ್ ಎಂಬ ಹೆಸರಾಂತ ದಂಪತಿ ಇದೇ ಶೇಕ್ಸ್‌ಪಿಯರ್ ನಾಟಕ ಆಡುತ್ತಿದ್ದರು. ರಂಗದ ಮೇಲಿನ ಕದನ ಪಡದೆಯ ಹಿಂದೆಯೂ ಮುಂದುವರಿಯುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಸೇಂಟ್ ಸಬ್ಬರ್ ಎಂಬ ಹುಡುಗ ಅದನ್ನು ಕಂಡಿದ್ದ, ಮುಂದೆ ಈ ನಾಟಕದ ನಿರ್ಮಾಪಕರಲ್ಲಿ ಒಬ್ಬನಾದ. ಬರೆದವರು ಬೆಲ್ಲಾ ಮತ್ತು ಸ್ಯಾಮ್ ಸ್ಪೀವಾಕ್. ಅವರೂ ಗಂಡ ಹೆಂಡತಿ, ಆ ಹೊತ್ತಿಗೆ ಮನಸ್ತಾಪದಿಂದ ದೂರವಾಗಿದ್ದವರು. ದೂರವಾದ ಜೋಡಿಯ ಕಥೆಯನ್ನು ಹಾಗೇ ದೂರವಾದ ಜೋಡಿ ಕೂತು ಬರೆಯಿತು.

ಕೊನೆಗೆ ಲಿಲಿ ಥಿಯೇಟರ್ ಬಿಟ್ಟು ಹೊರಟೇ ಹೋಗುತ್ತಾಳೆ, ಯಾರೂ ತಡೆಯುವುದಿಲ್ಲ. ನಾಟಕದ ಕೊನೆಯ ಅಂಕ ನಡೆದಿದೆ, ಕೇಟ್ ಬರಬೇಕು, ಬರುತ್ತಾಳೋ ಇಲ್ಲವೋ ಎಂಬುದು ಫ್ರೆಡ್‌ಗೇ ಗೊತ್ತಿಲ್ಲ. ಅಷ್ಟರಲ್ಲಿ ಅವಳು ವೇಷದಲ್ಲೇ ಒಳಬರುತ್ತಾಳೆ. ಹೆಂಗಸರು ಗಂಡನಿಗೆ ತಲೆಬಾಗಬೇಕೆಂಬ ಶೇಕ್ಸ್‌ಪಿಯರನ ಮಾತನ್ನೇ ಹಾಡುತ್ತಾಳೆ, ಅದು ನನಗೂ ಇರುಸುಮುರುಸು. ಆದರೆ ಆ ಮಾತು ಕೇಟಳದು. ವಾಪಸು ಬಂದವಳು ಲಿಲಿ, ಬಾ ಎಂದು ಯಾರೂ ಕೈಹಿಡಿದು ಎಳೆದಿರಲಿಲ್ಲ. ಅವಳಿಗೆ ಪಾತ್ರವನ್ನು ಅರ್ಧಕ್ಕೆ ಬಿಡಲು ಆಗಲಿಲ್ಲ, ಆ ಮನುಷ್ಯನನ್ನೂ ಬಿಡಲು ಆಗಲಿಲ್ಲ. ಇವೆರಡರಲ್ಲಿ ಯಾವುದು ಹೆಚ್ಚು ಎಂದು ನಾಟಕ ಹೇಳುವುದಿಲ್ಲ. ನನಗೆ ಅದು ಪ್ರಿಯವಾಗಿರುವುದು ಈ ಕಾರಣಕ್ಕೆ.

ಇದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಂಪನಿಯಲ್ಲಿ ಸಂಸಾರ, ಕಸುಬು ಎರಡೂ ಒಂದೇ ಪಡದೆಯ ಹಿಂದೆ ನಡೆಯುತ್ತಿದ್ದವು. ಗುಬ್ಬಿ ವೀರಣ್ಣ ಮತ್ತು ಬಿ. ಜಯಮ್ಮ ಜತೆಯಾಗಿ ಬಣ್ಣ ಹಚ್ಚಿದರು. ದಾವಣಗೆರೆಯಲ್ಲಿ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಮಗಳು ಲೀಲಾ ಮುನ್ನಡೆಸಿದರು, 1988ರಲ್ಲಿ ಪದ್ಮಶ್ರೀ ಪಡೆದರು. ನಾಯಕಿ, ಮಾಲೀಕಳು ಒಬ್ಬರೇ ಆಗಿದ್ದ ಊರು ಇದು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡಮ್ಮನ ಎರಡು ಸಾಲು. ಮಾತು ಬಿಟ್ಟ ದಿನ ಯಾವ ನಾಟಕವಿತ್ತು? ಯಾವ ಊರಿನ ಕ್ಯಾಂಪು? ಎದುರಿಗೆ ನಿಂತ ಗಂಡನ ಕಣ್ಣು ನೋಡಿ ಮಾತು ಹೇಳುತ್ತಿದ್ದರೋ, ಸಭೆಯ ಕಡೆ ತಿರುಗಿಬಿಡುತ್ತಿದ್ದರೋ? ಮನೆಯಲ್ಲಿ ಬಲ್ಲವರನ್ನು ಕೇಳಿ ಬರೆದು ಕಳಿಸಿ. ವೇಷದಲ್ಲಿದ್ದ ಫೋಟೊ ಏನಾದರೂ ಉಳಿದಿದ್ದರೆ ತಿಳಿಸಿ, ನಮ್ಮವರೇ ಮನೆಗೆ ಬಂದು ನಕಲು ತೆಗೆದುಕೊಂಡು ಮೂಲವನ್ನು ಅಲ್ಲೇ ಬಿಟ್ಟು ಬರುತ್ತಾರೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಅವರಿಗೆ ತೆಗೆದಿಟ್ಟಿದ್ದೇನೆ.

— ಸಂಪಾದಕ