ಹಳೆಯ ಜೀಪಿಗೆ ಕಪ್ಪು ಕೋಟಿಂಗ್ ಹೊಡೆಸುವ ಮುನ್ನ

ತೀರ್ಥಹಳ್ಳಿ ಕಡೆಯವರೆಂದು ಬರೆದಿದ್ದೀರಿ. 1998ರ ಜೀಪು ಕೊಂಡಿದ್ದೀರಿ, ಅಡಿಭಾಗದಲ್ಲಿ ಅಲ್ಲಲ್ಲಿ ತುಕ್ಕು ಕಂಡಿದೆ. ಮಳೆ ಹಿಡಿಯುವ ಮೊದಲು ಕಪ್ಪು ರಬ್ಬರ್ ಕೋಟಿಂಗ್ ಹೊಡೆಸುವುದೋ, ಮೇಣದ್ದು ಹೊಡೆಸುವುದೋ, ಊರಿನವರು ಹೇಳುವಂತೆ ಹಳೆಯ ಎಂಜಿನ್ ಆಯಿಲ್ಲೇ ಸಾಕೋ ಎಂಬುದು ನಿಮ್ಮ ಪ್ರಶ್ನೆ. ನನ್ನ ಉತ್ತರ ಮೇಣ. ಆದರೆ ಮೇಣ ಹೊಡೆಯುವ ಸ್ಪ್ರೇ ಗನ್ ಹಿಡಿಯುವ ಮೊದಲು ಗಾಡಿಯನ್ನು ತೊಳೆದು, ಒಂದೆರಡು ವಾರ ಸರಿಯಾಗಿ ಒಣಗಿಸಿ. ಉಳಿದದ್ದೆಲ್ಲ ಆಮೇಲೆ.

ನನ್ನ ಬಳಿ 1994ರ ಮಹೀಂದ್ರ ಎಂಎಂ 540 ಜೀಪು ಇದೆ. ಕೊಂಡ ವರ್ಷವೇ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕಪ್ಪು ಕೋಟಿಂಗ್ ಹೊಡೆಸಿದೆ. ಬೆಳಿಗ್ಗೆ ಬಿಟ್ಟು ಸಂಜೆ ತಂದೆ. ಅಡಿಯಲ್ಲಿ ಮಲಗಿ ನೋಡಿದರೆ ಮಿಂದೆದ್ದ ಎಮ್ಮೆಯ ಮೈಯಂತೆ ಮಿರಮಿರ ಮಿನುಗುತ್ತಿತ್ತು. ನಾಲ್ಕನೆಯ ಬೇಸಿಗೆಯಲ್ಲಿ ಹಿಂದಿನ ಸ್ಪ್ರಿಂಗಿನ ಬುಷ್ ಬದಲಿಸಲು ಬಂದ ಮೇಸ್ತ್ರಿ, ಅಭ್ಯಾಸಬಲದಿಂದ ಸ್ಕ್ರೂಡ್ರೈವರಿನ ಹಿಡಿಯಲ್ಲಿ ಚಾಸಿಯನ್ನು, ಅಂದರೆ ಗಾಡಿಯನ್ನು ಹೊತ್ತ ಅಡಿಯ ಚೌಕಟ್ಟನ್ನು, ತಟ್ಟುತ್ತಾ ಹೋದರು. ಟಣ್ ಟಣ್ ಎನ್ನುತ್ತಿದ್ದದ್ದು ಒಂದು ಕಡೆ ದಬ್ ಎಂದಿತು. ಹಿಂದಿನ ಮಾಲೀಕರು ಯಾರೋ ಬಲಕ್ಕೆಂದು ತಗಡು ಬೆಸೆದು ಪೆಟ್ಟಿಗೆಯಂತೆ ಮುಚ್ಚಿಸಿದ್ದ ಜಾಗ ಅದು. ಸ್ಕ್ರೂಡ್ರೈವರ್ ತಿರುಗಿಸಿ ತುದಿಯಿಂದ ಒತ್ತಿದರು. ಹಲಸಿನ ಹಪ್ಪಳ ಮುರಿದಂತೆ ಸದ್ದಾಗಿ, ಕೋಟಿಂಗಿನ ಸಮೇತ ಅಂಗೈಯಗಲ ತಗಡು ಉದುರಿತು. ಹಿಂದೆಯೇ ಕವಳ ಉಗುಳಿದಂತೆ ಕೆಂಪು ನೀರು. "ಗೌಡರೇ, ಇದರೊಳಗೆ ಕಳೆದ ವರ್ಷದ ಮಳೆ ಇನ್ನೂ ಇದೆ" ಎಂದರು. ಅಷ್ಟಾದರೂ ಕೋಟಿಂಗಿನ ಹೊರಮೈಯಲ್ಲಿ ಒಂದು ಬಿರುಕೂ ಕಂಡಿರಲಿಲ್ಲ.

ಅಂಗಡಿಯವರನ್ನು ದೂರಲಾರೆ. ಆರಿದ್ರಾ ಮಳೆ ಶುರುವಾದ ಮೇಲೆ ಗಾಡಿ ಒಯ್ದು, ಸಂಜೆಯೊಳಗೆ ಬೇಕೇ ಬೇಕು ಎಂದವನು ನಾನು.

ಮಳೆಗೆ ನೆನೆಯದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೊಳೆರೋಗ ಬರುವ ಮೊದಲು ಕಟ್ಟಿದರೆ ಗೊನೆ ಉಳಿಯುತ್ತದೆ, ಬಂದ ಮೇಲೆ ಕಟ್ಟಿದರೆ ಕೊಟ್ಟೆಯೊಳಗೇ ಕೊಳೆತು ಉದುರುತ್ತದೆ. ಬಿಟುಮೆನ್ ಅಥವಾ ರಬ್ಬರ್ ಬೆರೆತ ಕೋಟಿಂಗ್ ಒಣಗಿ ಗಟ್ಟಿಯಾಗುವಂಥದ್ದು. ಹೊಸ ಗಾಡಿಯ ಗಟ್ಟಿ ಬಣ್ಣದ ಮೇಲೆ ಕಲ್ಲೇಟು ತಡೆಯಲು ಒಳ್ಳೆಯದೇ. ಹಳೆಯ ಗಾಡಿಯಲ್ಲಿ ಅದರಡಿ ತುಕ್ಕು ಉಳಿದಿದ್ದರೆ ಕಥೆ ಬೇರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಕೋಟಿಂಗನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಎದ್ದ ಸಂದಿಗೆ ನೀರು ಹೋಗುತ್ತದೆ, ಹೊರಗೆ ಬರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿದ್ದುಕೊಂಡು ಅಂಥ ಸಂದಿ ಒಣಗಲಿ ಎಂದು ಕಾಯುವುದು ವ್ಯರ್ಥ.

ಮೇಣದ್ದೋ, ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡುವ ಲ್ಯಾನೊಲಿನ್ನಿನದೋ ಆದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಬೆಸುಗೆಯ ಸಂದಿಗಳಿಗೆ ತಾನಾಗಿ ತೂರುತ್ತದೆ, ಸಣ್ಣ ಗೀರು ಬಿದ್ದರೆ ಬಿಸಿಲಿಗೆ ಹರಿದು ಮುಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒರೆಸಿ ಅಡಿಯಲ್ಲಿ ಏನಾಗಿದೆ ಎಂದು ನೋಡಬಹುದು. ತೊಂದರೆಯೂ ಇದೆ. ಧೂಳು ಹಿಡಿಯುತ್ತದೆ, ಗಾಡಿಯಡಿ ಹೋದವರ ಅಂಗಿ ಕೆಡುತ್ತದೆ, ಚಕ್ರದ ಮೇಲಿನ ಭಾಗದಲ್ಲಿ ಒಂದೇ ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಅಲ್ಲಿಗೆ ಪ್ರತಿವರ್ಷ ಹೊಡೆಯಲೇಬೇಕು. ಹಳೆಯ ಎಂಜಿನ್ ಆಯಿಲ್ ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಬೇಗ ತೊಳೆದುಹೋಗುತ್ತದೆ, ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಅಂಗಳಕ್ಕೆ ತೊಟ್ಟಿಕ್ಕಿದ್ದು ಬಾವಿಯ ದಾರಿ ಹಿಡಿಯುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ.

ತೊಳೆಯುವಾಗ ಕೆಂಪು ಮಣ್ಣು ಎಲ್ಲೆಲ್ಲಿ ಕೂತಿದೆ ಎಂದು ಬೆರಳು ಹಾಕಿ ನೋಡಿ. ಮಡ್‌ಗಾರ್ಡಿನ ಮಡಿಕೆ, ಬಾಡಿ ಚಾಸಿಯ ಮೇಲೆ ಕೂರುವ ಜಾಗಗಳು, ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ಟುಗಳ ಹಿಂಬದಿ, ಹಿಂದಿನ ಅಡ್ಡಪಟ್ಟಿ, ಬ್ಯಾಟರಿ ಕೂರುವ ತಟ್ಟೆಯ ಅಡಿ. ನೀರು ಇಳಿಯಲೆಂದು ಬಿಟ್ಟ ತೂತುಗಳನ್ನು ತಂತಿಯಿಂದ ಚುಚ್ಚಿ ತೆರೆಯಿರಿ. ನನ್ನದರಲ್ಲಿ ಎರಡು ತೂತುಗಳನ್ನು ಕೋಟಿಂಗೇ ಮುಚ್ಚಿಬಿಟ್ಟಿತ್ತು. ಒಳಗೆ ಹಾಸಿದ ಮ್ಯಾಟ್ ಕಿತ್ತು ಹೊರಗೆ ಹಾಕಿ, ಮಳೆಗಾಲ ಮುಗಿಯುವವರೆಗೆ ಮತ್ತೆ ಹಾಸಬೇಡಿ.

ನಮ್ಮ ಕಡೆಯ ಜೀಪುಗಳಿಗೆ ಇನ್ನೊಂದು ಕಾಟವಿದೆ, ಪೇಟೆಯ ವರ್ಕ್‌ಶಾಪಿನವರು ಅದನ್ನು ಕೇಳುವುದೇ ಇಲ್ಲ. ಹಿಂದಿನ ಸೀಟಿನ ಜಾಗದಲ್ಲಿ ನಾವು ಹೇರುವುದು ಏನು? ಪೊಟ್ಯಾಷ್ ಗೊಬ್ಬರದ ಚೀಲ, ಅಡಿಕೆಗೆ ಹೊಡೆಯಲು ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಡ್ರಮ್ಮು. ನಾವು ತರುವ ಪೊಟ್ಯಾಷ್ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೆಲ್ಲಿದ ಒಂದು ಹಿಡಿ ಮ್ಯಾಟಿನಡಿ ತೇವ ಹೀರಿಕೊಂಡು ಕೂತರೆ, ಕಡಲತೀರದ ಗಾಡಿಗೆ ಬರುವ ತುಕ್ಕು ಘಟ್ಟದ ಮೇಲೇ ಬರುತ್ತದೆ. ಇನ್ನು ಮೈಲುತುತ್ತ. ಬೋರ್ಡೋ ಕಲಸಿದಾಗ ಹದ ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತೇವಲ್ಲ, ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎನ್ನುತ್ತೇವಲ್ಲ, ಆ ಕೆಂಪು ತಾಮ್ರ. ಅಷ್ಟು ತಾಮ್ರ ಕೂರಬೇಕಾದರೆ ಅಲಗಿನ ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತದ ನೀರು ಚೆಲ್ಲಿದ ತಗಡಿನಲ್ಲೂ ನಡೆಯುವುದು ಅದೇ. ಕೂತ ತಾಮ್ರ ಆಮೇಲೂ ಸುತ್ತಲಿನ ಕಬ್ಬಿಣವನ್ನು ತಿನ್ನಿಸುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ ಸಂಜೆ ಗಾಡಿಯ ಒಳಗೂ ನಾಲ್ಕು ಬಕೆಟ್ ನೀರು ಹಾಕಿ.

ಒಣಗಿದ ಮೇಲೆ ಎದ್ದು ನಿಂತ ತುಕ್ಕನ್ನು, ಹಳೆಯ ಕೋಟಿಂಗ್ ಇದ್ದರೆ ಅದನ್ನೂ, ಕೆರೆದು ತೆಗೆಯಿರಿ. ತಂತಿ ಬ್ರಷ್ ಹಾಕಿದ ಗ್ರೈಂಡರ್ ಸಾಕು, ಕನ್ನಡಕ ಮರೆಯಬೇಡಿ. ಮೂಲೆಗಳಲ್ಲಿ ಉಳಿಯುವ ತುಕ್ಕಿಗೆ, ಅದನ್ನು ಕಪ್ಪಾಗಿಸುವ ದ್ರವ ಸಿಗುತ್ತದೆ. ಅದರಲ್ಲಿ ಟ್ಯಾನಿಕ್ ಆಮ್ಲವೋ ಫಾಸ್ಫಾರಿಕ್ ಆಮ್ಲವೋ ಇರುತ್ತದೆ. ಅಡಿಕೆ ಸುಲಿಯುವವರ ಕತ್ತಿ ಚೊಗರು (ಅಡಿಕೆಯ ಒಗರು ರಸ) ತಾಗಿ ಕಪ್ಪಾಗುತ್ತದಲ್ಲ, ಟ್ಯಾನಿಕ್ ಆಮ್ಲದ್ದು ಅದೇ ಬಗೆಯ ಕೆಲಸ. ಹಾಗೆಂದು ಚಾಸಿಗೆ ಚೊಗರು ಬಳಿಯಲು ಹೋಗಬೇಡಿ, ನಮ್ಮೂರಿನಲ್ಲಿ ಒಬ್ಬರು ಬಳಿದು ಇರುವೆ ಓಡಿಸುತ್ತಾ ಕೂತಿದ್ದರು. ದ್ರವ ಹಚ್ಚಿದ ಜಾಗ ಆರಿದ ಮೇಲೆ ಎಪಾಕ್ಸಿ ಪ್ರೈಮರ್ ಎಂಬ ಗಟ್ಟಿ ಅಡಿಬಣ್ಣ ಹೊಡೆಸಿ. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ವೆಲ್ಡಿಂಗ್ ಏನೇ ಇದ್ದರೂ ಮೇಣಕ್ಕೆ ಮೊದಲೇ ಮುಗಿಸಿ, ಮೇಣ ಕುಡಿದ ಚಾಸಿಗೆ ಕಿಡಿ ಬಿದ್ದರೆ ಬೆಂಕಿ ಹತ್ತುತ್ತದೆ.

ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ಇದಕ್ಕೆ ಪ್ರಶಸ್ತ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ. ಮೇಣದ ಡಬ್ಬಿಯನ್ನು ಬಚ್ಚಲ ಹಂಡೆಯ ಬಿಸಿನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಟ್ಟರೆ ತೆಳುವಾಗಿ ಹರಿಯುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ, ಅದರಲ್ಲಿ ಥಿನ್ನರಿನಂಥ ದ್ರವ ಇರುತ್ತದೆ. ಮುಚ್ಚಿದ ಭಾಗಗಳಿಗೆ, ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಜಲ್ ಇರುವ ಉದ್ದನೆಯ ಪೈಪು ಬೇಕು. ಅದನ್ನು ತೂತಿನೊಳಗೆ ಕೊನೆಯವರೆಗೆ ತಳ್ಳಿ, ಗನ್ ಒತ್ತಿ, ನಿಧಾನವಾಗಿ ಹೊರಗೆ ಎಳೆಯುತ್ತಾ ಬನ್ನಿ. ಮುಂದಿನ ತೂತಿನಿಂದ ಒದ್ದೆ ಕಟ್ಟಿಗೆಯ ಹೊಗೆಯಂತೆ ಮಂಜು ಹೊರಬಂದು, ಸ್ವಲ್ಪ ಹೊತ್ತಿಗೆ ಕೆಳಗಿನ ತೂತಿನಿಂದ ತೊಟ್ಟಿಕ್ಕಿದರೆ ಒಳಗೆಲ್ಲ ತಲುಪಿದೆ ಎಂದು ತಿಳಿಯಿರಿ. ನನ್ನ ಜೀಪಿಗೆ ಒಟ್ಟು ಐದು ಲೀಟರ್ ಹಿಡಿಯಿತು, ಅರ್ಧದಷ್ಟು ಇಂಥ ಕಣ್ಣಿಗೆ ಕಾಣದ ಜಾಗಗಳಿಗೇ. ಬ್ರೇಕ್ ಡ್ರಮ್ಮು, ಸೈಲೆನ್ಸರ್, ರೇಡಿಯೇಟರ್, ಡೈನಮೋಗಳಿಗೆ ಮೊದಲೇ ಪ್ಲಾಸ್ಟಿಕ್ ಕಟ್ಟಿಬಿಡಿ. ಆಕ್ಸಲ್ ಹೌಸಿಂಗಿನ ಬ್ರೀದರಿಗೂ (ಒಳಗಿನ ಗಾಳಿ ಹೊರಹೋಗುವ ತೂತು) ಮೇಣ ತಾಗದಿರಲಿ, ಅದು ಮುಚ್ಚಿದರೆ ಆಯಿಲ್ ಸೀಲ್ ಒಡೆಯುತ್ತದೆ. ಆಮೇಲೆ ಮೂರ್ನಾಲ್ಕು ದಿನ ಗಾಡಿಯಡಿ ರಟ್ಟು ಹಾಸದಿದ್ದರೆ ಮನೆಯವರ ಬೈಗುಳ ತಪ್ಪಿದ್ದಲ್ಲ.

ಇಷ್ಟಕ್ಕೆಲ್ಲ ಹಣ ಹಾಕುವ ಮೊದಲು, ಇವತ್ತು ಸಂಜೆಯೇ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಅಡ್ಡಪಟ್ಟಿಯಿಂದ ಮುಂದಿನ ಬಂಪರಿನವರೆಗೆ ಚಾಸಿಯನ್ನು ತಟ್ಟಿ ನೋಡಿ. ಎಲ್ಲಾದರೂ ದಬ್ ಎಂದರೆ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಮೇಣಕ್ಕೆ ಮೊದಲು ವೆಲ್ಡಿಂಗ್ ಮೇಸ್ತ್ರಿಯನ್ನು ಕರೆಯಿರಿ.