ಕಣ್ಣಿಗೆ ಚೆಂದ, ಫೋಟೋದಲ್ಲಿ ಯಾಕಿಲ್ಲ?

ಪ್ರಶ್ನೆ: ಬೆಳಗಿನ ಹೊತ್ತು ಅಡುಗೆಮನೆಗೆ ಬಿಸಿಲು ಬಿದ್ದಾಗ ಇಡ್ಲಿ ಪಾತ್ರೆಯಿಂದ ಏಳುವ ಹಬೆ ನೋಡಲು ಬಹಳ ಸೊಗಸು. ಮೊಬೈಲಿನಲ್ಲಿ ತೆಗೆದರೆ ಹಬೆಯೇ ಕಾಣುವುದಿಲ್ಲ. ಡಬ್ಬಿ, ಸೌಟು, ಕ್ಯಾಲೆಂಡರು ಎಲ್ಲ ಸೇರಿ ಗಲಿಬಿಲಿಯಾಗುತ್ತದೆ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ? (ಶಿರಸಿಯ ಓದುಗರು)

ಉತ್ತರ: ಕ್ಯಾಮೆರಾ ಬೇಡ, ನಿಂತ ಜಾಗ ಬದಲಿಸಿ. ಹಬೆ ಎಂದರೆ ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳು. ಬೆಳಕು ಅವುಗಳ ಹಿಂದಿನಿಂದಲೋ ಹಿಂಬದಿಯ ಓರೆಯಿಂದಲೋ ಬರಬೇಕು, ಆಚೆಗೆ ಕತ್ತಲಿರಬೇಕು. ಆಗಲೇ ಹಬೆ ಬೆಳ್ಳಗೆ ಎದ್ದು ಕಾಣುವುದು. ಕಿಟಕಿಗೆ ಬೆನ್ನು ಹಾಕಿ ನಿಂತರೆ ಬೆಳಕು ಪಾತ್ರೆಯ ಮುಂಭಾಗಕ್ಕೆ ಬಿದ್ದು ಹಬೆ ಗೋಡೆಯ ಬಣ್ಣದಲ್ಲೇ ಕರಗಿಹೋಗುತ್ತದೆ. ಕಿಟಕಿಯೇ ನೇರ ಹಿಂದಿದ್ದರೂ ಕೆಟ್ಟಿತು, ಬಿಳಿಯ ಮೇಲೆ ಬಿಳಿ. ಕಿಟಕಿ ನಿಮ್ಮೆದುರು ಎಡಕ್ಕೋ ಬಲಕ್ಕೋ ಚೌಕಟ್ಟಿನ ಹೊರಗೆ ಉಳಿಯುವಂತೆ, ಹಬೆಯ ಹಿಂದೆ ಒಳಕೋಣೆಯ ಕತ್ತಲು ಬಾಗಿಲೋ ಮಸಿ ಹಿಡಿದ ಮೂಲೆಯೋ ಬರುವಂತೆ ನಿಲ್ಲಿ.

ಟ್ಯೂಬ್‌ಲೈಟ್ ಆರಿಸುವುದನ್ನು ಮರೆಯಬೇಡಿ. ಅದು ಉರಿಯುತ್ತಿದ್ದರೆ ಬೇಕಾದ ಕತ್ತಲನ್ನೇ ತುಂಬಿಬಿಡುತ್ತದೆ. ಬಿಸಿಲಿನ ಬಣ್ಣವೂ ದೀಪದ ಬಣ್ಣವೂ ಬೇರೆಯಾದ್ದರಿಂದ ಪಾತ್ರೆಯ ಒಂದು ಮಗ್ಗುಲು ಹಳದಿ, ಇನ್ನೊಂದು ನೀಲಿಯಾಗುತ್ತದೆ. ಆಮೇಲೆ ಪರದೆಯ ಮೇಲೆ ಪಾತ್ರೆಯ ಅಂಚನ್ನು ಮುಟ್ಟಿ, ಬೆರಳನ್ನು ಹಾಗೇ ಒತ್ತಿ ಹಿಡಿದರೆ ಫೋಕಸ್, ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಎರಡೂ ಲಾಕ್ ಆಗುತ್ತವೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಅಂಕಿ ತೋರಿಸುವ ಫೋನಾದರೆ ಮೈನಸ್ 1ರ ಆಸುಪಾಸು ಸಾಕು. ಮುಚ್ಚಳ ತೆಗೆದ ಮೊದಲ ಕೆಲವು ಸೆಕೆಂಡಿನಲ್ಲಿ ಹಬೆ ದಟ್ಟವಾಗಿರುತ್ತದೆ. ಹಾಗಾಗಿ ಎಲ್ಲ ಸಿದ್ಧ ಮಾಡಿಕೊಂಡ ಮೇಲೇ ಮುಚ್ಚಳ ತೆಗೆಯಲು ಹೇಳಿ.

ಇನ್ನು ಗಲಿಬಿಲಿಯ ಮಾತು. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ, ಎಂದರೆ ಅಗಲ ನೋಟದ್ದು. ಹತ್ತಿರ ಹೋದರೆ ಮುಂದಿನ ಪಾತ್ರೆ ಊದಿಕೊಳ್ಳುತ್ತದೆ, ಹಿಂದಿನ ಕಪಾಟೆಲ್ಲ ಒಳಗೆ ನುಗ್ಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2x ಜೂಮ್ ಇಟ್ಟುಕೊಳ್ಳಿ. ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಅಂಚಿನ ಮೇಲೆ ಒಂದು ಸುತ್ತು ಕಣ್ಣಾಡಿಸಿ. ಅರ್ಧ ಕತ್ತರಿಸಿದ ಸೌಟಿನ ಹಿಡಿ, ಪ್ಲಾಸ್ಟಿಕ್ ಕವರು, ಕ್ಯಾಲೆಂಡರಿನ ಕೆಂಪು ಅಂಕಿ ಇದ್ದರೆ ತೆಗೆದಿಡಿ. ಆದರೆ ಒಲೆ ಪಕ್ಕದ ಮಸಿಬಟ್ಟೆ ಇರಲಿ. ಅಂಚು ಸುಟ್ಟು ಕಪ್ಪಾದ ಆ ಬಟ್ಟೆ ಹೋದರೆ ಅದು ಯಾರ ಮನೆಯ ಒಲೆಯೂ ಅಲ್ಲದಂತಾಗುತ್ತದೆ.

ಇನ್ನೆರಡು ಮಾತು. ಅಡುಗೆಮನೆಯಲ್ಲಿಟ್ಟ ಫೋನಿನ ಲೆನ್ಸಿಗೆ ಎಣ್ಣೆಜಿಡ್ಡು ಕೂತು ಬೆಳಕಿನ ಸುತ್ತ ಮಂಜು ಕವಿದಂತಾಗುತ್ತದೆ, ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ. ಸ್ಟೀಲ್ ಪಾತ್ರೆಯಲ್ಲಿ ನಿಮ್ಮದೇ ಬಿಂಬ ಕಂಡರೆ ಒಂದಡಿ ಪಕ್ಕಕ್ಕೆ ಸರಿಯಿರಿ. ಪೋಲರೈಸರ್ ಫಿಲ್ಟರ್ (ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಗಾಜು) ಹಾಕಿದರೆ ಬಿಂಬ ಹೋಗುತ್ತದೆಂದು ಹೇಳುವವರಿದ್ದಾರೆ. ನೀರು, ಗಾಜಿನ ಹೊಳಪಿಗೆ ಅದು ಸರಿ, ಬರಿಯ ಲೋಹದ ಹೊಳಪಿಗೆ ನಡೆಯದು.

ಪ್ರಶ್ನೆ: ಬೆಣ್ಣೆದೋಸೆ ಹೋಟೆಲಿನಲ್ಲಿ ದೋಸೆ ಮಗುಚುವುದನ್ನು 1/500 ಸೆಕೆಂಡಿನ ಷಟರ್ ವೇಗದಲ್ಲಿ ತೆಗೆದೆ. ಫೋಟೋದ ತುಂಬ ಅಡ್ಡಪಟ್ಟೆಗಳು. ಕ್ಯಾಮೆರಾ ಕೆಟ್ಟಿದೆಯೇ? (ದಾವಣಗೆರೆಯ ಓದುಗರು)

ಉತ್ತರ: ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. 1/500ರಲ್ಲಿ ಕೆಲವು ಸಾಲಿಗೆ ದೀಪ ಜೋರಾಗಿದ್ದ ಗಳಿಗೆ, ಕೆಲವಕ್ಕೆ ಮಂದವಾಗಿದ್ದ ಗಳಿಗೆ ಸಿಕ್ಕಿದೆ. 1/100 ಅಥವಾ 1/50 ಇಡಿ, ಪಟ್ಟೆ ಹೋಗುತ್ತದೆ. ಆಗ ಕೈ ಮಸುಕಾಗುತ್ತದಲ್ಲ ಎಂದರೆ, ಮಗುಚುವಾಗ ಕೈ ಮೇಲೆ ಹೋಗಿ ಒಂದು ಕ್ಷಣ ನಿಲ್ಲುವ ಜಾಗ ಇದೆ. ಅದನ್ನು ಎರಡು ಮೂರು ದೋಸೆ ನೋಡಿ ಕಲಿತು ಅಲ್ಲಿ ಒತ್ತಿ. ಬಾಗಿಲ ಬೆಳಕು ಬೀಳುವ ಕಡೆ ಕಾವಲಿ ಇದ್ದರೆ 1/500 ಧಾರಾಳವಾಗಿ ಬಳಸಬಹುದು.

ಪಕ್ಕದಿಂದ ತೆಗೆದರೆ ದೋಸೆಗಳು ಒಂದರ ಮೇಲೊಂದು ಬಿದ್ದು ಬರಿಯ ಪಟ್ಟಿಯಂತೆ ಕಾಣುತ್ತವೆ. ಒಂದು ಮೆಟ್ಟಿಲು ಮೇಲಿನಿಂದ ನೋಡಿ: ಕಪ್ಪು ಕಾವಲಿಯ ಮೇಲೆ ಬಿಳಿಯ ಸುತ್ತುಗಳು, ನಡುನಡುವೆ ಬೆಣ್ಣೆ. ನಮ್ಮನ್ನು ಕೇಳಿದರೆ ಮಗುಚುವುದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇದೆ. ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸುವಾಗ ಭುಸ್ಸೆಂದು ಹಬೆ ಏಳುತ್ತದಲ್ಲ, ಅದು. ಪೊರಕೆ ಯಾವ ಕಡೆ ಸಾಗುತ್ತಿದೆಯೋ ಆ ಕಡೆ ಜಾಗ ಬಿಡಿ. ಮಾಲೀಕರ ಜೊತೆ ದೋಸೆ ಹುಯ್ಯುವವರನ್ನೂ ಕೇಳಿಯೇ ತೆಗೆಯಿರಿ.

ಪ್ರಶ್ನೆ: ವಿಷಯವನ್ನು ಮೂರನೇ ಒಂದು ಭಾಗದ ಗೆರೆಯ ಮೇಲೆ ಇಡಬೇಕು ಎನ್ನುತ್ತಾರೆ. ರಂಗೋಲಿಗೂ ಇದು ಅನ್ವಯಿಸುತ್ತದೆಯೇ? (ಮೈಸೂರಿನ ಓದುಗರು)

ಉತ್ತರ: ಬರೆದು ಮುಗಿದ ಚುಕ್ಕಿ ರಂಗೋಲಿಗೆ ಬೇಡ, ಅದಕ್ಕೆ ನಡುವೇ ಸರಿ. ಪರದೆಯನ್ನು ಅಡ್ಡಡ್ಡ, ಉದ್ದುದ್ದ ಮೂರು ಭಾಗ ಮಾಡಿ ತೋರಿಸುವ ಗೆರೆಗಳನ್ನು (ಗ್ರಿಡ್) ಆನ್ ಮಾಡಿ ಫೋನನ್ನು ನೆಲಕ್ಕೆ ಸಮನಾಗಿ ಹಿಡಿಯಿರಿ, ತುಸು ವಾಲಿದರೂ ಚೌಕ ಓರೆಯಾಗುತ್ತದೆ. ಎಳೆಬಿಸಿಲಿನಲ್ಲಿ ನಿಮ್ಮ ನೆರಳು ರಂಗೋಲಿಯಿಂದ ಆಚೆಗೆ ಬೀಳುವ ಕಡೆ ನಿಲ್ಲಿ. ಆ ಓರೆ ಬೆಳಕಿನಲ್ಲಿ ಪುಡಿಯ ಎಳೆಗೆ ಸಣ್ಣ ನೆರಳು ಮೂಡಿ ಉಬ್ಬು ಕಾಣುತ್ತದೆ, ಮಧ್ಯಾಹ್ನ ಅದು ಸಿಗದು. ಸಾರಿಸಿದ ಕಪ್ಪು ನೆಲವನ್ನು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿಬಿಡುತ್ತದೆ, ಬಿಳಿ ಎಳೆಗಳು ಸುಣ್ಣ ಬಳಿದಂತಾಗುತ್ತವೆ. ಎಕ್ಸ್‌ಪೋಷರ್ ಮೈನಸ್ 0.7 ಇಡಿ.

ಬರೆಯುತ್ತಿರುವ ಕೈಯೂ ಬರುವುದಾದರೆ ಮೂರನೇ ಒಂದರ ಮಾತು ಉಪಯೋಗಕ್ಕೆ ಬರುತ್ತದೆ. ಪುಡಿ ಉದುರುವ ಬೆರಳ ತುದಿಯನ್ನು ಗೆರೆಗಳು ಕೂಡುವಲ್ಲಿಟ್ಟು, ಇನ್ನೂ ಸೇರಿಸದ ಚುಕ್ಕಿಗಳಿಗೆ ಉಳಿದ ಜಾಗ ಕೊಡಿ. ಕೈ ಮುಂದೆ ಎಲ್ಲಿಗೆ ಹೋಗಲಿದೆ ಎಂದು ನೋಡುವವರಿಗೆ ತಿಳಿಯುತ್ತದೆ.

ಪ್ರಶ್ನೆ: ಸಂತೆಯಲ್ಲಿ ತೆಗೆದ ಮುಖಗಳೆಲ್ಲ ನೀಲಿಯಾಗಿವೆ, ಎಡಿಟ್ ಮಾಡಿದರೂ ಸರಿಹೋಗುವುದಿಲ್ಲ. (ಗದಗಿನ ಓದುಗರು)

ಉತ್ತರ: ಅದು ಮೇಲೆ ಕಟ್ಟಿದ ನೀಲಿ ತಾಡಪಾಲಿನ ಕೆಲಸ. ಮುಖಕ್ಕೆ ಬಣ್ಣ ಸರಿಪಡಿಸಿದರೆ ಹೊರಗಿನ ಬಿಸಿಲು ಕಿತ್ತಳೆಯಾಗುತ್ತದೆ. ತಾಡಪಾಲಿನ ಅಂಚಿಗೆ, ಆಕಾಶದ ಬೆಳಕು ನೇರ ಮುಖಕ್ಕೆ ತಾಗುವಲ್ಲಿ ಕೂತವರನ್ನು ಹುಡುಕಿ. ಹಿನ್ನೆಲೆ ಮೊದಲು ಆರಿಸಿ, ಆಮೇಲೆ ಕಾಯಿರಿ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ಸಾಮಾನ್ಯ ಜನರ ದಿನನಿತ್ಯವನ್ನು ಅಷ್ಟು ಗೌರವದಿಂದ ಕಂಡ ಕಣ್ಣು ಅಪರೂಪ.

ಪ್ರಶ್ನೆ: ಹೇಗೂ ಆಮೇಲೆ ಕ್ರಾಪ್ ಮಾಡಬಹುದಲ್ಲ, ಚೌಕಟ್ಟಿನ ಬಗ್ಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು? (ಉಡುಪಿಯ ಓದುಗರು)

ಉತ್ತರ: ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್ ಚಿತ್ರ ಎಂದರೆ 4000 × 3000. ಉದ್ದಗಲ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು 2000 × 1500, ಕೇವಲ 3 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಹೆಚ್ಚೆಂದರೆ ಸುಮಾರು 6.7 ಇಂಚು ಅಗಲ, 5 ಇಂಚು ಎತ್ತರ. ಅಂಚಿನಲ್ಲಿ ಬೆರಳಗಲ ಕತ್ತರಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಮುಖದ ಹಿಂದೆ ನೆಟ್ಟಗೆ ಎದ್ದ ಲೈಟುಕಂಬ ಕ್ರಾಪ್ ಮಾಡಿದರೂ ಅಲ್ಲೇ ಇರುತ್ತದೆ. ಅದಕ್ಕೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲೇಬೇಕು.