ಸಂಬಳ ಇಳಿದರೆ ಆದೇಶ ತಾನಾಗಿ ಇಳಿಯುವುದಿಲ್ಲ

(ಗುರುತು ಸಿಗದಂತೆ ವಿವರಗಳನ್ನೂ ಮೊತ್ತಗಳನ್ನೂ ಬದಲಿಸಿದ್ದೇನೆ.)

ಪರಸ್ಪರ ಸಮ್ಮತಿಯ ಮೇಲೆ ವಿಚ್ಛೇದನ ಪಡೆದು ನಾಲ್ಕು ವರ್ಷ ಕಳೆದಿದ್ದ ಇಬ್ಬರು ಸಲಹೆಗೆ ಬಂದಿದ್ದರು. ಹನ್ನೊಂದರ ಮಗಳು ತಾಯಿಯ ಬಳಿಯಿದ್ದಾಳೆ. ಡಿಕ್ರಿಯಂತೆ, ಅಂದರೆ ವಿಚ್ಛೇದನ ಕೊಟ್ಟ ನ್ಯಾಯಾಲಯದ ಆದೇಶದಂತೆ, ತಂದೆ ಮಗಳ ಪೋಷಣೆಗೆ ತಿಂಗಳಿಗೆ 22,000 ರೂಪಾಯಿ ಕೊಡಬೇಕಿತ್ತು. ಅವರ ಕೆಲಸ ಹೋಗಿ, ಹೊಸ ಕೆಲಸದಲ್ಲಿ ಕೈಗೆ ಬರುವ ಸಂಬಳ 62,000 ರೂಪಾಯಿಗೆ, ಅಂದರೆ ಮೊದಲಿನ ಅರ್ಧಕ್ಕೆ ಇಳಿದಾಗ, ಯಾರನ್ನೂ ಕೇಳದೆ ಆರು ತಿಂಗಳು ಬರೀ 8,000 ಕಳಿಸಿದ್ದರು. "ಸಂಬಳವೇ ಅರ್ಧವಾದ ಮೇಲೆ ಆದೇಶ ಹಾಗೇ ಇರುತ್ತದೆಯೇ ಮೇಡಂ?" ಎಂಬುದು ಅವರ ಪ್ರಶ್ನೆ. ಇತ್ತ ತಾಯಿ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿ 31,000 ಗಳಿಸುತ್ತಿದ್ದುದು ತಂದೆಗೆ ತಿಳಿದದ್ದು ಮಗಳ ಬಾಯಿಂದ.

ತಾಯಿ ಪ್ಲಾಸ್ಟಿಕ್ ಕವರಿನಿಂದ ರಸೀದಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಶಾಲಾ ವ್ಯಾನಿನ ರಸೀದಿಯ ಮೂಲೆಯಲ್ಲಿ ಪೆನ್ಸಿಲಿನಿಂದ 'ಅಪ್ಪ' ಎಂದೂ, ಕನ್ನಡಕದಂಗಡಿಯ ಬಿಲ್ಲಿನ ಮೇಲೆ 'ಅಮ್ಮ' ಎಂದೂ ಬರೆದಿತ್ತು, ಅಕ್ಷರ ಮಗುವಿನದು. ಇಬ್ಬರ ಆದಾಯದ ಸುದ್ದಿ ಹೊರುವ ಕೆಲಸದಿಂದ ಮಗಳನ್ನು ಮೊದಲು ಬಿಡಿಸಿ ಎಂದೆ.

ತಂದೆಗೆ ಹೇಳಿದ್ದು ಇಷ್ಟು: ನ್ಯಾಯಾಲಯ ಬದಲಿಸುವವರೆಗೆ ಹಳೆಯ ಆದೇಶವೇ ಊರ್ಜಿತ, ಆದ್ದರಿಂದ ತಿಂಗಳಿಗೆ 14,000ದಂತೆ 84,000 ರೂಪಾಯಿ ಬಾಕಿ ಬೆಳೆದಿದೆ, ಅದಕ್ಕೆ ಅಮಲ್ಜಾರಿ ಅರ್ಜಿ (ಆದೇಶ ಜಾರಿಗೊಳಿಸಿ ಬಾಕಿ ವಸೂಲಿ ಮಾಡಿಸುವ ಅರ್ಜಿ) ಬೀಳಬಹುದು. ಕೆಲಸ ಹೋದ ತಿಂಗಳೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಮಾರ್ಪಾಡು ಕೋರಬಹುದಿತ್ತು. (ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶದ ಆದೇಶ ಪಡೆದವರಿಗೆ ಇಂಥ ಮಾರ್ಪಾಡಿಗೆ ಮೊದಲು 127ನೇ ಕಲಮು ಇತ್ತು, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮು ಬಂದಿದೆ.)

ತಾಯಿಗೂ ಹಿತವೆನಿಸದ ಮಾತೊಂದನ್ನು ಹೇಳಬೇಕಾಯಿತು. ಗಳಿಸುವ ತಾಯಿಯೂ ಮಗುವಿನ ಪೋಷಣೆಗೆ ಹೊಣೆ. 2000ದ ಪದ್ಮಜಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಬ್ಬರ ಸಂಬಳ ನೋಡಿ 2:1ರಂತೆ ಹೊಣೆ ಹಂಚಿತ್ತು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ವಿಚಾರಣೆಯಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಕೊಡಬೇಕಾಗಿರುವುದರಿಂದ ಸಂಬಳ ಮುಚ್ಚಿಟ್ಟು ಫಲವಿಲ್ಲ. ನನ್ನ ಅನುಭವದಲ್ಲಿ ಕಡಿಮೆ ಸಂಬಳಕ್ಕಿಂತ ಮುಚ್ಚಿಟ್ಟ ಸಂಬಳವೇ ಹೆಚ್ಚು ಜಗಳ ತಂದಿದೆ.

ಬಳಿಕ ರಸೀದಿಗಳನ್ನು ಹಿಡಿದು ಲೆಕ್ಕಕ್ಕೆ ಕೂತೆವು. ಶುಲ್ಕ, ವ್ಯಾನು, ಟ್ಯೂಷನ್, ಔಷಧಿ, ಊಟ, ಬಟ್ಟೆ ಎಲ್ಲ ಸೇರಿ ಮಗಳ ಖರ್ಚು ತಿಂಗಳಿಗೆ 24,000 ರೂಪಾಯಿ. ಇಬ್ಬರ ಆದಾಯದ ಅನುಪಾತವೂ ಇಲ್ಲಿ 2:1 ಆಗಿದ್ದರಿಂದ ತಂದೆಯ ಪಾಲು 16,000, ತಾಯಿಯದು 8,000 ಎಂದಾಯಿತು. ತಂದೆಯ ಪಾಲಿನಲ್ಲಿ ಶುಲ್ಕದ ಭಾಗ ನೇರವಾಗಿ ಶಾಲೆಗೆ ಹೋಗಲಿ, ಪ್ರತಿ ಏಪ್ರಿಲ್‌ನಲ್ಲಿ ಇಬ್ಬರೂ ಸಂಬಳದ ಚೀಟಿ ತೋರಿಸಿಕೊಳ್ಳಲಿ ಎಂದು ಸೂಚಿಸಿದೆ. ಬಾಕಿಯ ಮೇಲೆ ಮಾತ್ರ ತಾಯಿ ಒಂದು ರೂಪಾಯಿಯನ್ನೂ ಬಿಡಲಿಲ್ಲ; ಬಿಡಿ ಎಂದು ನಾನೂ ಹೇಳಲಿಲ್ಲ. ಅದನ್ನು 3,500 ರೂಪಾಯಿಯ 24 ಕಂತುಗಳಾಗಿ ಮಾಡಿ, ನ್ಯಾಯಾಲಯದ ಒಪ್ಪಿಗೆಗೆ ಸಲ್ಲಿಸುವ ಜಂಟಿ ಮೆಮೊದಲ್ಲಿ ಸೇರಿಸಿಕೊಳ್ಳುವಂತೆ ಅವರ ವಕೀಲರಿಗೆ ಬರೆದುಕೊಟ್ಟೆ.